ಹಸಿ ಪಾಲಿಶ್

ಮದುವೆಯ ದಿನ ಗಂಡನಿಗೆ ಕೊಟ್ಟ ಮಾತನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದುಕೊಂಡೇ ಅವಳು ಕಿಟಕಿ ಮುಚ್ಚಿದಳು. ಮಗ ತೆಗೆದ. ಅವಳು ಮತ್ತೆ ಮುಚ್ಚಿ, ಚಿಲಕ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು.

“ಅಮ್ಮ, ವಾಸನೆ ಹೋಗ್ಲಿ ಬಿಡು. ಜನ ಬರೋ ಹೊತ್ತಾಯ್ತು.”

“ಯಾವ ವಾಸನೆ?”

“ಗೊತ್ತಿದ್ದೂ ಕೇಳ್ತೀಯಲ್ಲ.”

ನಡುಮನೆಯಲ್ಲಿ ಎರಡು ಬೆಂಚುಗಳ ಮೇಲೆ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಅವಳ ಗಂಡ, ಹೊಳಪಣ್ಣ. ಮುಚ್ಚಳವನ್ನು ಎರಡು ತುಂಡು ಮಾಡಿದ್ದರು. ಕಾಲಿನಿಂದ ಎದೆಯವರೆಗಿನ ತುಂಡನ್ನು ಹಾಕಿಯಾಗಿತ್ತು, ಮುಖದ ತುಂಡು ಗೋಡೆಗೆ ಒರಗಿತ್ತು. ಹಾಕಿದ ತುಂಡಿನ ಮೇಲೆ ಬಡಗಿ ಬಾಗಿ ನಿಂತು, ಬಟ್ಟೆಯ ಉಂಡೆಯನ್ನು ಪಾಲಿಶ್ಶಿನಲ್ಲಿ ಅದ್ದಿ ಸುತ್ತು ಸುತ್ತಾಗಿ ತಿಕ್ಕುತ್ತಿದ್ದ. ಎಡಗೈಯಲ್ಲಿ ಉಳಿ ಹಿಡಿಯುವವನು, ಹಾಗಾಗಿ ಎಲ್ಲರ ಬಾಯಲ್ಲೂ ಎಡಚ. ಒಂದೇ ಕಾರ್ಖಾನೆಯ ಒಂದೇ ಮೂಲೆಯಲ್ಲಿ ಇವನು ಮರ ಜೋಡಿಸುತ್ತಿದ್ದ, ಹೊಳಪಣ್ಣ ಅದಕ್ಕೆ ಹೊಳಪು ಕೊಡುತ್ತಿದ್ದ. ಇವತ್ತು ಎರಡು ಕೆಲಸವೂ ಇವನ ತಲೆಗೇ ಬಂದಿತ್ತು.

“ಪಾಲಿಶ್ಶಿನ ಕೊನೇ ಕೈ ದಪ್ಪ ಆಗಿಹೋಯ್ತು ಅತ್ತಿಗೆ,” ಎಂದ ಎಡಚ, ತಲೆ ಎತ್ತದೆ. “ಬೇಗ ಒಣಗೋ ಹಾಗೆ ಕಾಣಲ್ಲ. ಅಣ್ಣ ಇದ್ದಿದ್ರೆ ಉಗೀತಿದ್ದ.”

“ಉಗೀತಿರಲಿಲ್ಲ. ಮೂಗಲ್ಲಿ ‘ಹ್ಞುಂ’ ಅಂತ ಗಾಳಿ ಬಿಡ್ತಿದ್ದ. ಅದು ಉಗಿಯೋದಕ್ಕಿಂತ ಕೆಟ್ಟದ್ದು.”

ಎಡಚ ನಕ್ಕ. ನಗುತ್ತಲೇ ಕಣ್ಣು ತುಂಬಿ, ಒರೆಸಿಕೊಳ್ಳಲು ಹೋಗಿ, ಪಾಲಿಶ್ ಕೈಯನ್ನೇ ಕಣ್ಣಿಗೆ ತಾಗಿಸಿಕೊಂಡ. ಆಮೇಲೆ ಅವನ ಕಣ್ಣು ಇಡೀ ದಿನ ಕೆಂಪಾಗಿಯೇ ಉಳಿಯಿತು.

ಅರಗನ್ನು ಸ್ಪಿರಿಟ್ಟಿನಲ್ಲಿ ನೆನೆಹಾಕಿ ಕರಗಿಸಿದರೆ ಪಾಲಿಶ್. ಮೂಗಿಗೆ ಚುರುಕ್ಕೆನ್ನುವ ವಾಸನೆ. ಗೊತ್ತಿಲ್ಲದ ಮೂಗಿಗೆ ಅದು ಹೆಂಡದಂಗಡಿ. ಗೊತ್ತಿದ್ದ ಮೂಗಿಗೆ ಮೇಜು, ಕುರ್ಚಿ, ಮಂಚ. ಹೊಳಪಣ್ಣನ ಅಂಗಿಯಲ್ಲಿ, ಕೂದಲಲ್ಲಿ, ಉಗುರಿನ ಸಂದಿಯಲ್ಲಿ, ದಿಂಬಿನಲ್ಲಿ ಅದೇ ಇತ್ತು. ಅವಳ ಮಟ್ಟಿಗೆ ಅದು ಗಂಡ ಮನೆಗೆ ಬಂದ ಎಂಬ ಸುದ್ದಿ. ಮಗನ ಮಟ್ಟಿಗೂ ಒಂದು ಕಾಲದಲ್ಲಿ ಹಾಗೇ ಇತ್ತು; ಅಪ್ಪನ ಹೆಗಲ ಮೇಲೆ ಮೂಗಿಟ್ಟು ನಿದ್ದೆ ಹೋದ ಮಗುವೇ ಅದು. ಈಗ ಅದೇ ಮೂಗಿಗೆ ಕರವಸ್ತ್ರ ಬೇಕು. ಮೂಗು ಬೆಳೆದಿರಲಿಲ್ಲ, ನೌಕರಿ ಬೆಳೆದಿತ್ತು. ಊರಿನ ದೊಡ್ಡ ಆಸ್ಪತ್ರೆಯಲ್ಲಿ, ರಕ್ತ ಪರೀಕ್ಷೆ ಮಾಡುವ ಕೋಣೆಯಲ್ಲಿ ಅವನಿಗೊಂದು ಬಿಳಿ ಕೋಟು, ಕೋಟಿನ ಮೇಲೊಂದು ಹೆಸರಿನ ಬಿಲ್ಲೆ. ಬಿಲ್ಲೆ ಬಂದ ಮೇಲೆ ಅವನಿಗೆ ಬಿಲ್ಲೆ ಇದ್ದವರ ಮಾತು ಮಾತ್ರ ಕೇಳಿಸುತ್ತಿತ್ತು.

“ರೆಡಿ ಪೆಟ್ಟಿಗೆ ಸಿಗುತ್ತೆ ಅಂತ ನಾನು ಹೇಳಿದ್ದೆ,” ಎಂದ ಮಗ. “ವಾಸನೆ ಇಲ್ಲ, ರಗಳೆ ಇಲ್ಲ. ಇವತ್ತು ದೊಡ್ಡ ಡಾಕ್ಟ್ರು ಬರ್ತಾರಮ್ಮ. ನನ್ನ ಸಲುವಾಗಿ ಬರ್ತಿದಾರೆ.”

“ಬರ್ಲಿ. ಬಾಗಿಲು ತೆಗೆದೇ ಇದೆ.”

“ಬಾಗಿಲಲ್ಲ, ಕಿಟಕಿ.”

“ಅವರು ಕಿಟಕೀಲಿ ಬರ್ತಾರಾ?”

ನೆಲದ ಮೇಲೆ ಪಾಲಿಶ್ ಒಂದಿಷ್ಟು ಚೆಲ್ಲಿತ್ತು. ಮಗ ಹಳೇ ಬಟ್ಟೆ ತಂದು, ಕೂತು, ತಾನೇ ಒರೆಸಿದ. ಒರೆಸಿದ ಬಟ್ಟೆಯನ್ನು ಎರಡು ಬೆರಳಲ್ಲಿ, ಸತ್ತ ಇಲಿಯನ್ನು ಹಿಡಿದ ಹಾಗೆ ಹಿಡಿದುಕೊಂಡು ಹಿತ್ತಿಲಿಗೆ ಹೋದ.

ಅವಳಿಗೆ ಬೇಕಾಗಿದ್ದುದು ಒಂದೇ. ಇವನನ್ನು ಮಣ್ಣಿಗೆ ಕಳಿಸುವ ಮೊದಲು ಈ ಮನೆಯಲ್ಲಿ, ಈ ಪೆಟ್ಟಿಗೆಯ ಮುಂದೆ, ಇವನ ಮೇಲೆ ಕುಡುಕ ಎಂಬ ಆ ಮಾತು ಇನ್ನೊಂದು ಸಲ ಬೀಳಬಾರದು. ಬದುಕಿದ್ದಾಗ ಬಿದ್ದಿದ್ದು ಸಾಕು.

*

ಇಬ್ಬರೂ ಮಾತು ಕೊಟ್ಟುಕೊಂಡಿದ್ದು ಬಸ್ಸಿನಲ್ಲಿ. ಕಚೇರಿಯಲ್ಲಿ ಮದುವೆ ಬರೆಸಿ, ಸಹಿ ಹಾಕಿ, ಹೂವಿನ ಹಾರವನ್ನು ಚೀಲದಲ್ಲಿ ತುರುಕಿಕೊಂಡು ಮನೆ ಕಡೆಗೆ ಹೊರಟಿದ್ದರು. ಅವನು ಕಿಟಕಿಯ ಪಕ್ಕದ ಜಾಗ ಅವಳಿಗೆ ಬಿಟ್ಟುಕೊಟ್ಟ. ಅವಳು ಕೂತ ಕೂಡಲೇ ಮೊದಲ ಮಾತಾಗಿ ಇದನ್ನೇ ತೆಗೆದಳು.

“ನಿಮ್ಮಪ್ಪ ಕುಡಿದು ಸತ್ತಿದ್ದು ನನಗೆ ಗೊತ್ತು.”

“ಊರಿಗೇ ಗೊತ್ತು,” ಎಂದ ಅವನು.

“ಒಂದು ತೊಟ್ಟು ನಿನ್ನ ಬಾಯಿಗೆ ಬಿದ್ದ ದಿನ ನಾನು ತೌರಿಗೆ. ತಿರುಗಿ ನೋಡಲ್ಲ.”

ಅವನು ಸ್ವಲ್ಪ ಹೊತ್ತು ಎದುರಿನ ಸೀಟಿನ ಮರದ ಬೆನ್ನನ್ನು ಬೆರಳಲ್ಲಿ ಸವರಿದ. ಕಳಪೆ ಪಾಲಿಶ್, ಅಲ್ಲಲ್ಲಿ ಎದ್ದಿತ್ತು. “ಒಂದು ತೊಟ್ಟೂ ಮುಟ್ಟಲ್ಲ,” ಎಂದ. “ಮಾತು ಕೊಟ್ಟೆ. ಈಗ ನೀನೊಂದು ಕೊಡು.”

“ನಾನೇನು ಕುಡೀತೀನಾ?”

“ಕುಡಿಯಲ್ಲ, ಕಚ್ಚುತ್ತೀಯ. ಆಗ ಆ ಗುಮಾಸ್ತನಿಗೆ ನೀನು ಹೇಳಿದ್ದು ಕೇಳಿ ನನಗೆ ಬೆವರು ಬಂತು. ಪಾಪ, ಅವನ ಸಹಿ ನೋಡಿ ‘ಕೋಳಿ ಕೆದರಿದ ಹಾಗಿದೆ’ ಅಂತ ಯಾರಾದರೂ ಅಂತಾರಾ?”

“ಹಾಗೇ ಇತ್ತಲ್ಲ.”

“ಇತ್ತು. ನನ್ನದು ಹತ್ತು ಮನೆ ಬಾಗಿಲು ತಟ್ಟೋ ಕೆಲಸ. ಹೊರಗಿನವರ ಮುಂದೆ ಆ ನಾಲಿಗೆ ಬಿಚ್ಚಬೇಡ. ಮನೆಗೆ ಬಂದು ಎಷ್ಟು ಬೇಕಾದ್ರೂ ಬಿಚ್ಚು. ನಾನು ಕೂತು ಕೇಳ್ತೀನಿ.”

“ಆಯ್ತು, ಕೊಟ್ಟೆ,” ಎಂದಳು ಅವಳು, ಮುಖ ಕಿಟಕಿಗೆ ತಿರುಗಿಸಿ.

ಅವತ್ತಿನಿಂದ ಹೊರಗೆ ಅವಳ ಬಾಯಿಗೆ ಬೀಗ. ಮನೆಯೊಳಗೆ ಮಾತ್ರ ದಿನವೂ ಜಾತ್ರೆ. ಪಾಲಿಶ್ ಮಾಡಿಸಿಕೊಂಡು ‘ಇನ್ನೂ ಸ್ವಲ್ಪ ಹೊಳೀಬೇಕಿತ್ತು’ ಎನ್ನುವ ಗಿರಾಕಿ, ಕುರ್ಚಿ ಮಾಡಿಸಿಕೊಂಡು ಸ್ಟೂಲಿನ ಬೆಲೆ ಕೊಡುವ ವಕೀಲ, ಎಲ್ಲರನ್ನೂ ಅವಳು ನಡಿಗೆ ಸಮೇತ ಅಣಕಿಸುತ್ತಿದ್ದಳು. ಹೊಳಪಣ್ಣ ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಳ್ಳುತ್ತಿದ್ದ. ಬೀದಿಯವರು ಅವಳನ್ನು ಮೌನಗೌರಿ ಎಂದುಕೊಂಡಿದ್ದರು. ಗೋಡೆ ದಪ್ಪಗಿದ್ದದ್ದು ಅವರ ಪುಣ್ಯ.

*

ಅಡುಗೆಮನೆಯಲ್ಲಿ ಮಗ ತಾನು ಬರೆದುಕೊಂಡ ಕಾಗದವನ್ನು ಹೆಂಡತಿಗೆ ಓದಿ ಹೇಳುತ್ತಿದ್ದ. ಪೆಟ್ಟಿಗೆ ಎತ್ತುವ ಮೊದಲು ಮನೆಯವರು ಯಾರಾದರೂ ನಾಲ್ಕು ಮಾತು ಆಡುವುದು ಪದ್ಧತಿ, ಆಡುವವನು ಇವನು. ನೀರಿನ ಚೊಂಬು ತುಂಬಿಸಲು ಹೋದ ತಾಯಿ ಬಾಗಿಲ ಹಿಂದೆಯೇ ನಿಂತಳು.

“...ನನ್ನ ತಂದೆಗೆ ಒಂದು ದೌರ್ಬಲ್ಯ ಇತ್ತು. ಅದನ್ನು ನಾನು ಮುಚ್ಚಿಡೋದಿಲ್ಲ. ಬದುಕಿನುದ್ದಕ್ಕೂ ಅದರ ಜೊತೆ ಹೋರಾಡಿದರು. ಕೊನೆಗೆ ಸೋತರೂ...”

“ಚೆನ್ನಾಗಿದೆ,” ಎಂದಳು ಸೊಸೆ. ಅವಳೇನು ಕೆಟ್ಟವಳಲ್ಲ. ಗಂಡ ಮಾಡಿದ್ದಕ್ಕೆಲ್ಲ ಚೆನ್ನಾಗಿದೆ ಎನ್ನುವುದು ಅವಳಿಗೆ ಸೀನಿದಷ್ಟು ಸಲೀಸು. “ಸೋತರೂ ಅನ್ನೋದು ಬೇಕಾ?”

“ಬೇಕು. ಜನಕ್ಕೆ ತಟ್ಟೋದೇ ಅದು.”

ಚೊಂಬು ನೆಲಕ್ಕೆ ಕುಕ್ಕಿದ ಸದ್ದಿಗೆ ಇಬ್ಬರೂ ತಿರುಗಿದರು.

“ಆ ಮಾತು ತೆಗಿ,” ಎಂದಳು ಅವಳು.

“ಯಾವ ಮಾತು?”

“ಯಾವುದನ್ನ ಅಷ್ಟು ನೀಟಾಗಿ ಬಟ್ಟೆ ಹೊದಿಸಿ ಕೂರಿಸಿದೀಯೋ, ಅದು.”

ಮಗ ನಿಟ್ಟುಸಿರು ಬಿಟ್ಟ. ಅದು ಅವನು ಆಸ್ಪತ್ರೆಯಲ್ಲಿ ಕಲಿತದ್ದು. ಅಲ್ಲಿ ರೋಗಿಗಳ ಕಡೆಯವರಿಗೆ ಉತ್ತರ ಕೊಡುವ ಮೊದಲು ಎಲ್ಲರೂ ಒಂದು ಸಲ ಬಿಡುತ್ತಾರೆ. “ಅಮ್ಮ, ಎಲ್ಲರಿಗೂ ಗೊತ್ತಿರೋದನ್ನ ನಾವೇ ಹೇಳಿಬಿಟ್ರೆ ಮರ್ಯಾದೆ. ಬಚ್ಚಿಟ್ರೆ ಹಿಂದಿನಿಂದ ಆಡ್ಕೋತಾರೆ.”

“ಅವನು ಕುಡೀತಿದ್ದದ್ದನ್ನ ನೀನು ಯಾವತ್ತು ನೋಡಿದ್ದು?”

“ನಾನು ನೋಡ್ಲಿಲ್ಲ ಅಂದ್ರೆ ಇರಲಿಲ್ಲ ಅಂತಲ್ಲ.”

“ತಲೇಲಿ ಗಡ್ಡೆ ಇತ್ತು. ಅದರಿಂದ ಹೋದ. ಅದನ್ನಾದ್ರೂ ಒಪ್ತೀಯೋ, ಅದೂ ದೌರ್ಬಲ್ಯವೋ?”

“ಗಡ್ಡೆ ಬೇರೆ ಅಮ್ಮ. ಅದು ಬೇರೆ, ಇದು ಬೇರೆ. ಎರಡೂ ಇತ್ತು. ಫೈಲಿನಲ್ಲಿ ಎಷ್ಟು ಜನ ಡಾಕ್ಟ್ರು ಬರೆದಿದಾರೆ ಗೊತ್ತಾ? ಅವರೆಲ್ಲ ಸುಳ್ಳು ಹೇಳ್ತಾರಾ?”

“ನೀನು ಅವನ ರಕ್ತ ನೋಡಿದ್ಯಲ್ಲ. ಕದ್ದು ನೋಡಿದ್ಯಲ್ಲ.”

ಸೊಸೆ ಗಂಡನ ಮುಖ ನೋಡಿದಳು. ಅವಳಿಗೆ ಇದು ಹೊಸದು.

“ಅವತ್ತು ಏನೂ ಬರಲಿಲ್ಲ,” ಎಂದ ಮಗ, ದನಿ ತಗ್ಗಿಸಿ. “ಪರೀಕ್ಷೆ ಇದೆ ಅಂತ ಗೊತ್ತಾದ್ರೆ ಎಲ್ಲರೂ ಎರಡು ದಿನ ಬಿಟ್ಟಿರ್ತಾರೆ. ಹಾಗಂತಲೇ ದೊಡ್ಡ ಡಾಕ್ಟ್ರು ಹೇಳಿದ್ದು.”

“ಅವನಿಗೆಲ್ಲಿ ಗೊತ್ತಿತ್ತು? ನೀನೇ ಸಕ್ಕರೆ ಕಾಯಿಲೆಗೆ ಅಂತ ಸುಳ್ಳು ಹೇಳಿ ಸೂಜಿ ಚುಚ್ಚಿದ್ದು.”

ಮಗ ಕಾಗದವನ್ನು ಮಡಿಚಿ ಜೇಬಿಗಿಟ್ಟುಕೊಂಡ. ಆ ಸಾಲು ಜೇಬಿನೊಳಗೇ ಉಳಿಯಿತು. ಅವನು ಅದನ್ನು ಹೊಡೆದು ಹಾಕಲಿಲ್ಲ ಎನ್ನುವುದನ್ನು ಅವಳು ನೋಡಿಕೊಂಡಳು.

*

ಹೊಳಪಣ್ಣ ಮೊದಲ ಸಲ ಆಸ್ಪತ್ರೆಗೆ ಹೋದದ್ದು ಕಾಲಿನ ಸಲುವಾಗಿ. ಬೀರುವಿನ ಬಾಗಿಲು ಜಾರಿ ಪಾದದ ಮೇಲೆ ಬಿದ್ದಿತ್ತು. ಎಡಚ ಅವನನ್ನು ಕೆಲಸದ ಅಂಗಿಯಲ್ಲೇ ಎತ್ತಿಕೊಂಡು ಬಂದಿದ್ದ. ಅಂಗಿಯ ಮುಂಭಾಗವೆಲ್ಲ ಸ್ಪಿರಿಟ್ ಚೆಲ್ಲಿತ್ತು. ಅವಳು ಓಡಿ ಬರುವಷ್ಟರಲ್ಲಿ ಎಳೆ ಮೀಸೆಯ ಡಾಕ್ಟರೊಬ್ಬ ಮೂಗು ಮುರಿದುಕೊಂಡು ನಿಂತಿದ್ದ.

“ಎಷ್ಟು ಕುಡಿದಿದ್ದೀಯ?”

“ನಾನು ಮುಟ್ಟಲ್ಲ ಸಾರ್. ಇದು ಪಾಲಿಶ್.”

“ಎಲ್ಲರೂ ಹಾಗೇ ಹೇಳೋದು,” ಎಂದು ಆ ಹುಡುಗ ಕಂಪ್ಯೂಟರಿನಲ್ಲಿ ಟಪಟಪ ಬಡಿದ. ಪರದೆ ಅರ್ಧ ಅವಳ ಕಡೆಗೂ ತಿರುಗಿತ್ತು. *ಕುಡಿತದ ಶಂಕೆ. ಕುಡಿಯುವುದಿಲ್ಲ ಎಂದು ವಾದಿಸುತ್ತಾನೆ.*

ಮನೆಗೆ ಬಂದು ಅವಳು ಆ ಹುಡುಗನ ಮೂಗನ್ನು ಎಷ್ಟು ಚೆನ್ನಾಗಿ ಅಣಕಿಸಿದಳೆಂದರೆ ಹೊಳಪಣ್ಣ ಕಾಲಿನ ನೋವು ಮರೆತು ನಕ್ಕ. “ವಾದಿಸ್ತೀಯಂತೆ ನೀನು! ಮದುವೆಯಾಗಿ ಇಷ್ಟು ವರ್ಷ ಆಯ್ತು, ನನ್ನ ಹತ್ತಿರ ಒಂದು ಸಲ ವಾದಿಸಿದ್ದು ಕಾಣೆ!”

ಅದು ಅಲ್ಲಿಗೆ ಮುಗಿಯಿತು ಎಂದುಕೊಂಡರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಹಳ್ಳಿಯಲ್ಲಿ ಮಾತ್ರ ಇರುತ್ತಾರೆ ಎಂದು ಅವಳು ತಿಳಿದಿದ್ದಳು. ಮುಂದಿನ ಸಲ ಕೆಮ್ಮಿಗೆ ಹೋದರೆ ಬೇರೆ ಡಾಕ್ಟರು ಪರದೆ ನೋಡಿದರು, “ಓ...” ಎಂದರು, ಬರೆದರು: *ಕುಡಿತ. ಒಪ್ಪಿಕೊಳ್ಳುವುದಿಲ್ಲ.* ಅದರ ಮುಂದಿನವರು ಹೊಟ್ಟೆ ಮುಟ್ಟಿ ನೋಡಿ, ಪರೀಕ್ಷೆ ಮಾಡಿಸಿ, ಏನೂ ಕಾಣದೆ ಬರೆದರು: *ಬಹುಕಾಲದ ಕುಡುಕ. ಲಿವರ್ ಇನ್ನೂ ತಡೆದುಕೊಂಡಿದೆ.* ಶಂಕೆ ಎಂಬ ಪದ ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು; ಹಿಂದಿರುಗಿ ಹೋಗಿ ಹುಡುಕುವವರು ಯಾರು? ಹಿಂದಿನವನು ಬರೆದದ್ದನ್ನು ಮುಂದಿನವನು ಎತ್ತಿ ಅಂಟಿಸುವುದು ಅಲ್ಲಿನ ಕೆಲಸದ ರೀತಿ. ಇಷ್ಟು ಓದಿ ಅವರು ಕಲಿತದ್ದು ನಕಲು ಹೊಡೆಯುವುದು. ಅದನ್ನು ಅವಳ ಮಗ ಮೂರನೇ ಕ್ಲಾಸಿನಲ್ಲೇ ಕಲಿತಿದ್ದ.

ಆಮೇಲೆ ಹೊಳಪಣ್ಣನ ಹೆಜ್ಜೆ ತಪ್ಪತೊಡಗಿತು. ಲೋಟ ಹಿಡಿದರೆ ನೀರು ತುಳುಕುತ್ತಿತ್ತು. ಮಾತು ದಪ್ಪಗಾಯಿತು, ನಾಲಿಗೆಗೆ ಹಳೆಯ ಅರಗು ಅಂಟಿದ ಹಾಗೆ. ಬೆಳಿಗ್ಗೆ ವಾಂತಿ. ಈಗ ಆಸ್ಪತ್ರೆಯವರು ಪರದೆ ನೋಡಿ ಅವನನ್ನು ನೋಡುವಾಗ ಅವರ ಮುಖದಲ್ಲಿ ಒಂದು ತೃಪ್ತಿ ಇರುತ್ತಿತ್ತು, ಲೆಕ್ಕ ತಾಳೆಯಾದವರ ತೃಪ್ತಿ. “ಮೊದಲು ಅದನ್ನ ಬಿಟ್ಟು ಬಾ. ಆಮೇಲೆ ನೋಡೋಣ.” ಇಲ್ಲದ್ದನ್ನು ಬಿಡುವುದು ಹೇಗೆ? ಹೊಳಪಣ್ಣ “ಆಯ್ತು ಸಾರ್” ಎಂದು ಗೋಡೆ ಹಿಡಿದು ಎದ್ದು ಬರುತ್ತಿದ್ದ.

ಆ ವರ್ಷಗಳಲ್ಲಿ ಅವಳು ಒಂದೇ ಒಂದು ಸಲ ಬಾಯಿ ತೆರೆದದ್ದು, ಅದೂ ಕೈಮುಗಿದು. ಎದುರಿಗಿದ್ದದ್ದು ದೊಡ್ಡ ಡಾಕ್ಟರು. “ಡಾಕ್ಟ್ರೇ, ಬಟ್ಟೆ ಬೇಡ, ಅವರ ಬಾಯಿ ಒಂದು ಸಲ ಮೂಸಿ ನೋಡ್ತೀರಾ?” ಅಷ್ಟೇ ಕೇಳಿದ್ದು. ದೊಡ್ಡ ಡಾಕ್ಟರು ಬಹಳ ಸಭ್ಯರು, ಮುಗುಳ್ನಕ್ಕರು. ಮೂಸಲಿಲ್ಲ. ಅವಳು ಹೊರಗೆ ಹೋಗುವಾಗ ಪರದೆಯಲ್ಲಿ ಹೊಸ ಸಾಲು ಮೂಡಿತ್ತು: *ಹೆಂಡತಿ ಜಗಳಗಂಟಿ. ರೋಗಿಯ ಚಟ ಮುಚ್ಚಿಡುತ್ತಾಳೆ.*

ಆ ದಿನ ಮನೆಗೆ ಹೋಗುವ ಬಸ್ಸಿನಲ್ಲಿ ಅವನು, ತೊದಲುವ ನಾಲಿಗೆಯಲ್ಲಿ, “ಇವತ್ತು ಯಾರನ್ನೂ ಅಣಕಿಸಲ್ವಾ?” ಎಂದು ಕೇಳಿದ. ಅವಳಿಗೆ ಏನೂ ಹೊಳೆಯಲಿಲ್ಲ.

ಕೊನೆಗೆ ಅವನನ್ನು ಯಾರೋ ನೋಡಿದ್ದು ಆಸ್ಪತ್ರೆಯ ಕಂಪ್ಯೂಟರು ಕೆಟ್ಟ ದಿನ. ಪರದೆಗಳೆಲ್ಲ ಕಪ್ಪಾಗಿದ್ದವು. ಹೊಸದಾಗಿ ಸೇರಿದ ಹುಡುಗಿ ಡಾಕ್ಟರಿಗೆ ಓದಲು ಏನೂ ಇಲ್ಲದೆ, ಬೇರೆ ದಾರಿ ಕಾಣದೆ, ಎದುರಿಗೆ ಕೂತ ಮನುಷ್ಯನನ್ನೇ ನೋಡಿದಳು. ಗೆರೆಯ ಮೇಲೆ ನಡೆಸಿದಳು. ಬೆರಳಿನ ಹಿಂದೆ ಕಣ್ಣು ಓಡಿಸಿದಳು. “ಇಷ್ಟು ದಿನ ಯಾಕೆ ಬರಲಿಲ್ಲ ನೀವು?” ಎಂದು ಗದರಿದಳು. ಹೊಳಪಣ್ಣ ಹೆಂಡತಿಯ ಕಡೆ ನೋಡಿ ನಕ್ಕುಬಿಟ್ಟ.

ತಲೆಯ ಹಿಂಭಾಗದಲ್ಲಿ, ಮನುಷ್ಯನನ್ನು ತೂಗಿ ನಿಲ್ಲಿಸುವ ಜಾಗದಲ್ಲಿ ಗಡ್ಡೆ. ತೆಗೆಯುವ ಕಾಲ ದಾಟಿತ್ತು. ಮರುದಿನ ಕಂಪ್ಯೂಟರು ಸರಿಯಾಯಿತು. ಗಡ್ಡೆಯನ್ನು ಹಳೆಯ ಸಾಲುಗಳ ಕೆಳಗೆ ಬರೆದುಕೊಂಡರು. ಮೇಲಿನದ್ದು ಮೇಲೇ ಉಳಿಯಿತು.

*

ಮಧ್ಯಾಹ್ನಕ್ಕೆ ನಡುಮನೆ ತುಂಬಿತು. ಬಂದವರೆಲ್ಲ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಕಾಲಿಟ್ಟು, ಒಂದು ಸಲ ಮೂಗು ಅರಳಿಸಿ, ಆಮೇಲೆ ಮುಖಕ್ಕೆ ದುಃಖ ಹಾಕಿಕೊಂಡರು. ಅವಳು ಗಂಡನ ತಲೆಯ ಪಕ್ಕ ಕೂತು ಒಬ್ಬೊಬ್ಬರನ್ನೂ ನೋಡುತ್ತಿದ್ದಳು. ನಾದಿನಿ ಬಂದು ಪಕ್ಕದಲ್ಲಿ ಕುಸಿದಳು. ಅಣ್ಣ ಹಾಸಿಗೆ ಹಿಡಿದ ಮೇಲೆ ಒಂದು ದಿನವೂ ಬರದವಳು, ಈಗ ಬೀದಿಯ ತಿರುವಿನಿಂದಲೇ ಅಳುತ್ತಾ ಬಂದಿದ್ದಳು.

“ದೇವರಂಥ ಅಣ್ಣ. ಆ ಒಂದು ಬಿಟ್ರೆ...”

“ಯಾವ ಒಂದು?” ಎಂದ ಎಡಚ, ಗೋಡೆಯ ಪಕ್ಕದಿಂದ.

“ನೀನು ಸುಮ್ನಿರಪ್ಪ. ಜೊತೆಗಾರ ನೀನೇ ಅಲ್ವಾ. ಇವತ್ತೂ ಕಣ್ಣು ಹೇಗೆ ಮಾಡ್ಕೊಂಡು ಬಂದಿದೀಯ.”

ಹಿಂದಿನ ಸಾಲಿನಲ್ಲಿ ಯಾರೋ, “ಮನೇಲೇ ಇಟ್ಕೊಂಡಿದ್ರು ಅನ್ಸುತ್ತೆ. ಗಮಗಮ ಅಂತಿದೆ,” ಎಂದರು. ಇನ್ಯಾರೋ ಶ್ಶ್ ಎಂದರು. ಅವಳ ನಾಲಿಗೆಯ ತುದಿಗೆ ಬಂದದ್ದನ್ನು ಅವಳು ಉಗುಳಿನ ಜೊತೆ ನುಂಗಿದಳು.

ದೊಡ್ಡ ಡಾಕ್ಟರು ಬಂದಾಗ ಜನ ತಾವಾಗಿಯೇ ದಾರಿ ಬಿಟ್ಟರು. ಬೂಟು ಬಿಚ್ಚುವುದೋ ಬೇಡವೋ ಎಂದು ಅವರು ಅನುಮಾನಿಸಿದರು. ಮಗ “ಪರವಾಗಿಲ್ಲ ಸಾರ್, ಬನ್ನಿ ಸಾರ್” ಎಂದು ಹಾಗೇ ಕರೆತಂದ. ಎರಡು ಹೆಜ್ಜೆ ಇಟ್ಟು ಅವರು ನಿಂತರು. ಮೂಗಿನ ಹೊಳ್ಳೆ ಒಂದಿಷ್ಟು ಬಿಗಿಯಾಯಿತು. ಕಣ್ಣು ಎಡಚನ ಕೆಂಪು ಕಣ್ಣಿನ ಮೇಲೆ ಹೋಗಿ ಕೂತಿತು. ಮಗನ ಭುಜ ಹಿಡಿದು, ಅವಳ ತಲೆಯ ಮೇಲೆಯೇ, ಮೆಲ್ಲಗೆ ಹೇಳಿದರು. ಹೆಣದ ಪಕ್ಕ ಕೂತ ಹೆಂಗಸಿಗೆ ಕಿವಿ ಇರುವುದಿಲ್ಲ ಎಂದು ಅವರಿಗೆ ಯಾರೋ ಪಾಠ ಮಾಡಿದ್ದರೋ ಏನೋ.

“ಇವತ್ತೊಂದು ದಿನವಾದರೂ ಬೇಡವಾಗಿತ್ತು.”

ಅವಳು ಮಗನ ಮುಖ ನೋಡಿದಳು. ಬೆಳಿಗ್ಗೆ ಅದೇ ಪಾಲಿಶನ್ನು ನೆಲದಿಂದ ಒರೆಸಿದ ಮಗ. ‘ಸಾರ್, ಇದು ಪಾಲಿಶ್’ ಎನ್ನಲು ಎಷ್ಟು ಹೊತ್ತು ಬೇಕು?

“ಏನ್ ಮಾಡೋದು ಸಾರ್,” ಎಂದ ಮಗ. “ಅಪ್ಪನ ಕಡೆ ಜನ. ಹೇಳಿದ್ರೆ ಕೇಳಲ್ಲ.”

ದೊಡ್ಡ ಡಾಕ್ಟರು ಅರ್ಥವಾಯಿತು ಎಂಬಂತೆ ತಲೆಯಾಡಿಸಿ, ಪೆಟ್ಟಿಗೆಯ ಹತ್ತಿರ ಹೋಗಿ, ತಲೆ ಬಾಗಿಸಿ, ಬಲಗೈಯನ್ನು ಮುಚ್ಚಳದ ಮೇಲೆ ಅಗಲವಾಗಿ ಇಟ್ಟರು.

“ಸಾರ್, ಹಸಿ ಇದೆ...” ಎಂದ ಎಡಚ.

ಎಡಚನಂಥವರು ಆಡಿದ್ದು ಅವರಿಗೆ ಕೇಳಿಸುವುದಿಲ್ಲ. ಕೈ ಅಲ್ಲೇ ಇತ್ತು. ಮಗ ಜೇಬಿನಿಂದ ಕಾಗದ ತೆಗೆದ. ಗಂಟಲು ಸರಿಮಾಡಿಕೊಂಡು, ಬಂದವರಿಗೆ ವಂದನೆ ಹೇಳಿ, ತಂದೆಯ ಕಸುಬಿನ ಬಗ್ಗೆ ಎರಡು ಸಾಲು ಓದಿ, ನಿಂತ. ಆಮೇಲೆ ದನಿಯನ್ನು ಸ್ವಲ್ಪ ಒದ್ದೆ ಮಾಡಿಕೊಂಡ.

“ನನ್ನ ತಂದೆಗೆ ಒಂದು ದೌರ್ಬಲ್ಯ ಇತ್ತು. ಅದನ್ನು ನಾನು—”

“ಸಾಕು,” ಎಂದಳು ಅವಳು.

ಬಹಳ ದಿನ ಮುಚ್ಚಿಟ್ಟ ಬಾಗಿಲು ತೆಗೆದಾಗ ಕಿರುಗುಟ್ಟುವ ಹಾಗಿತ್ತು ಆ ದನಿ. ಬೀದಿಯ ಅರ್ಧ ಜನ ಅದನ್ನು ಮೊದಲ ಸಲ ಕೇಳುತ್ತಿದ್ದರು. ಅವಳು ಪೆಟ್ಟಿಗೆಯ ಅಂಚು ಹಿಡಿದು ಎದ್ದಳು.

“ಡಾಕ್ಟ್ರೇ, ಕೈ ಎತ್ತಿ.”

“ಏನಮ್ಮಾ?”

“ಕೈ. ಎತ್ತಿ.”

ಎತ್ತಿದರು. ಚರ್ಮ ಮುಚ್ಚಳವನ್ನು ಬಿಡಲು ಒಲ್ಲದೆ ಸಣ್ಣಗೆ ಚಟ್ ಎಂದಿತು. ಅಂಗೈ ಪೂರ್ತಿ ಕೆಂಗಂದು. ಮುಚ್ಚಳದ ಮೇಲೆ ಐದು ಬೆರಳು, ರೇಖೆ ಸಮೇತ.

“ಮೂಸಿ.”

ಅವರು ಮೂಸಬೇಕೆಂದು ಮೂಸಲಿಲ್ಲ. ಹೇಳಿದ್ದಕ್ಕೆ ಕೈ ತಾನಾಗಿ ಮೂಗಿನ ಹತ್ತಿರ ಹೋಯಿತು. ಮುಖ ಸಿಂಡರಿಸಿದರು.

“ಎಷ್ಟು ಕುಡಿದಿದ್ದೀರಿ?” ಎಂದು ಕೇಳಿದಳು ಅವಳು.

ಹಿಂದಿನ ಸಾಲಿನಲ್ಲಿ ಕೆಮ್ಮುತ್ತಿದ್ದವರು ಕೆಮ್ಮು ನಿಲ್ಲಿಸಿದರು.

“ನೋಡಿ, ನಾನು ಕುಡಿಯೋದಿಲ್ಲ,” ಎಂದರು ದೊಡ್ಡ ಡಾಕ್ಟರು, ನಗಲು ನೋಡಿ. “ಇದು ಪಾಲಿಶ್.”

“ಎಲ್ಲರೂ ಹಾಗೇ ಹೇಳೋದು.”

“ಅಮ್ಮ!” ಎಂದ ಮಗ.

“ನೀನು ಬಾಯಿ ಮುಚ್ಚು. ಇಲ್ಲ, ಬೇಡ, ತೆಗಿ. ರಕ್ತ ನೋಡಿದವನು ನೀನು. ಸುಳ್ಳು ಹೇಳಿ ಸೂಜಿ ಚುಚ್ಚಿ ತೆಗೆದ ನಿಮ್ಮಪ್ಪನ ರಕ್ತದಲ್ಲಿ ಏನಿತ್ತು ಹೇಳು. ನಿನ್ನ ಕಾಗದ ನೋಡ್ಕೊಂಡಲ್ಲ, ಅವನ ಮುಖ ನೋಡ್ಕೊಂಡು.”

ಮಗ ದೊಡ್ಡ ಡಾಕ್ಟರ ಕಡೆ ನೋಡಿದ. ಅವರು ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು, ಅವರಿಗೆ ಬಿಡುವಿರಲಿಲ್ಲ. ಹೆಂಡತಿಯ ಕಡೆ ನೋಡಿದ. ಈ ಸಲ ಅವಳು ಚೆನ್ನಾಗಿದೆ ಎನ್ನಲಿಲ್ಲ. ಕೊನೆಗೆ ಪೆಟ್ಟಿಗೆಯ ಕಡೆ ತಿರುಗಿದ.

“ಏನೂ ಇರಲಿಲ್ಲ,” ಎಂದ.

“ಹಿಂದಿನ ಸಾಲಿಗೆ ಕೇಳಿಸಲಿಲ್ಲ. ಅಲ್ಲಿ ಗಮಗಮ ಅಂದವರು ಕೂತಿದಾರೆ.”

“ಏನೂ ಇರಲಿಲ್ಲ!” ಮಗನ ದನಿ ಒಡೆಯಿತು. ಈ ಸಲ ಅವನೇ ಮಾಡಿಕೊಂಡ ಒದ್ದೆಯಲ್ಲ ಅದು. “ಅಪ್ಪನ ರಕ್ತದಲ್ಲಿ ಏನೂ ಇರಲಿಲ್ಲ.”

ನಾದಿನಿ ಸೆರಗು ಎಳೆದಳು. “ಅತ್ತಿಗೆ, ಸಾವಿನ ಮನೇಲಿ ಇದೇನಿದು, ಬಂದವರ ಮುಂದೆ...”

“ನೀನು ಅಳೋದಕ್ಕೆ ಬಂದಿದೀಯ, ಅಳು. ಅದೊಂದನ್ನಾದ್ರೂ ಪೂರ್ತಿ ಮಾಡು.” ನಾದಿನಿಯ ಅಳು ಅಲ್ಲೇ ನಿಂತಿತು, ತಿರುವಿನಿಂದ ತಂದದ್ದು ಮುಗಿದಿತ್ತು. ಅವಳು ಮತ್ತೆ ದೊಡ್ಡ ಡಾಕ್ಟರ ಕಡೆ ತಿರುಗಿದಳು. “ಆ ವಾಸನೆ ಸೋಪಿಗೆ ಹೋಗಲ್ಲ ಡಾಕ್ಟ್ರೇ. ಮನೆಗೆ ಹೋದ ಮೇಲೆ ನಿಮ್ಮ ಮನೆಯವರು ಕೇಳ್ತಾರೆ. ಏನು ಹೇಳಬೇಕು ಅಂತ ದಾರೀಲೇ ಯೋಚನೆ ಮಾಡ್ಕೊಳ್ಳಿ. ನಿಜ ಹೇಳಿ ನೋಡಿದ್ವಿ ನಾವು. ನಡೆಯಲ್ಲ.”

ದೊಡ್ಡ ಡಾಕ್ಟರು ಕೈಯನ್ನು ಮೈಗೆ ತಾಗದ ಹಾಗೆ ದೂರ ಹಿಡಿದುಕೊಂಡು ಹೊರಟರು. ಮತ್ತೆ ಜನ ದಾರಿ ಬಿಟ್ಟರು. ಈ ಸಲ ಅಂಗಿಗೆ ತಾಗೀತೆಂದು. ಮಗ ಅವರ ಹಿಂದೆ ಎರಡು ಹೆಜ್ಜೆ ಇಟ್ಟು, ನಿಂತು, ಹಿಂದಿರುಗಿ ಬಂದು ಪೆಟ್ಟಿಗೆಯ ಕಾಲಿನ ಕಡೆ ಹಿಡಿದುಕೊಂಡ.

ಎಡಚ ಮುಚ್ಚಳದ ಮೇಲಿನ ಗುರುತನ್ನು ನೋಡುತ್ತಾ ನಿಂತಿದ್ದ. “ಅತ್ತಿಗೆ, ಇನ್ನೊಂದು ಕೈ ತೆಳ್ಳಗೆ ಹೊಡೆದ್ರೆ ಹೋಗಿಬಿಡುತ್ತೆ.”

“ಹೊಡಿ. ಅವರ ಕೈ ಹೊತ್ಕೊಂಡು ಇವನು ಯಾಕೆ ಹೋಗ್ಬೇಕು.”

ಎಡಚ ಬಟ್ಟೆಯ ಉಂಡೆಯನ್ನು ಪಾಲಿಶ್ಶಿನಲ್ಲಿ ಅದ್ದಿ, ಹಿಂಡಿ, ಎಡಗೈಯಲ್ಲಿ ಸುತ್ತು ಸುತ್ತಾಗಿ ತಿಕ್ಕತೊಡಗಿದ. ಮೊದಲು ರೇಖೆ ಹೋಯಿತು, ಆಮೇಲೆ ಬೆರಳು. ಅವಳು ಹೋಗಿ ತಾನೇ ಕಿಟಕಿಯ ಚಿಲಕ ತೆಗೆದಳು. ಪಾಲಿಶ್ಶಿಗೆ ಗಾಳಿ ಬೇಕಿತ್ತು.

ಹೊರಗೆ ಬೀದಿಯಲ್ಲಿ ಕಾರಿನ ಪಕ್ಕ ನಿಂತು ದೊಡ್ಡ ಡಾಕ್ಟರು ಕರವಸ್ತ್ರದಲ್ಲಿ ಅಂಗೈ ಉಜ್ಜುತ್ತಿದ್ದರು. ಉಜ್ಜಿ ಮೂಸಿ ನೋಡಿದರು. ಮತ್ತೆ ಉಜ್ಜಿದರು. ಬಾಗಿಲು ತೆಗೆದು ಹಿಡಿದಿದ್ದ ಡ್ರೈವರು ಒಂದು ಸಲ ಮೂಗು ಅರಳಿಸಿ, ಯಜಮಾನರ ಮುಖ ನೋಡಿ, ಸಭ್ಯತೆಗೆ ಬೇರೆ ಕಡೆ ತಿರುಗಿದ.

ಹೊಳಪಣ್ಣ ಬಸ್ಸಿನಲ್ಲಿ ಕೊಟ್ಟ ಮಾತನ್ನು ಕೊನೆವರೆಗೂ ಉಳಿಸಿಕೊಂಡ. ಅವಳು ತನ್ನದನ್ನು ಮುರಿದಳು.